ನಂಬರಿನ ಸೆರಗು

ಒಳ್ಳೆಯ ಸುದ್ದಿಯೊಂದು ನಮ್ಮ ಮನೆಗೆ ನೆಟ್ಟಗೆ ಬಾಗಿಲಿನಿಂದ ಬಂದದ್ದು ನನಗಂತೂ ನೆನಪಿಲ್ಲ. ಮೊದಲು ಓಣಿಯವರನ್ನೆಲ್ಲ ಒಂದು ಸುತ್ತು ನಗಿಸಿ, ನನ್ನ ಮಾನ ಒಂದಿಷ್ಟು ಹರಾಜು ಹಾಕಿ, ಆಮೇಲೆಯೇ ಅದು ಒಳಗೆ ಕಾಲಿಡುತ್ತದೆ. ಮಗಳು ಹೈಸ್ಕೂಲು ಮುಗಿಸಿದ ವರ್ಷ ಇಂಥವು ಎಷ್ಟು ಆದವೆಂದರೆ, ಈಗಲೂ ರಬಕವಿಯಲ್ಲಿ ನನ್ನನ್ನು ಕಂಡವರು "ಆರಾಮ ಅದೀರೇನ್ರಿ" ಎಂದು ಕೇಳುವ ಮೊದಲು ಒಮ್ಮೆ ನಕ್ಕೇ ಬಿಡುತ್ತಾರೆ.

ನಾನು ಕೈಮಗ್ಗದ ನೇಕಾರ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು. ಅಲ್ಲಿಂದ ಮುಂದೆ, ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿಯೇ ನನ್ನ ಕಾಲೇಜು. ಮನೆಯಲ್ಲಿ ನಾನು, ಹೆಂಡತಿ, ನಮ್ಮ ಅವ್ವ, ಮತ್ತು ಒಬ್ಬಳೇ ಮಗಳು. ಅವ್ವನಿಗೆ ಓದು ಬರಹ ಬಾರದು, ಆದರೆ ಮನೆಯ ಕಾಯಿದೆ ಕಾನೂನೆಲ್ಲ ಅವಳದೇ. ಮಗಳು ಹತ್ತನೆಯ ಇಯತ್ತೆಗೆ ಹೋದ ದಿನ, ಅವ್ವ ರಾಟಿಯ ಮುಂದೆ ಕೂತು, ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುತ್ತಲೇ ತೀರ್ಪು ಕೊಟ್ಟಳು:

"ಒಂದ ಏಟಿಗೆ ಪಾಸಾದ್ರ ಜಮಖಂಡಿ ಕಾಲೇಜಿಗೆ ಹೋಗ್ಲಿ. ನಪಾಸಾದ್ಲಂದ್ರ ಈ ರಾಟಿ ಆಕೀದು. ನನ್ನ ಕಣ್ಣ ಮಂಜಾಗ್ಯಾವು, ಕಂಡಿಕಿ ಸುತ್ತಾವ್ರು ಒಬ್ಬರು ಬೇಕ ಮನ್ಯಾಗ."

ನಾನು ಬಾಯಿ ತೆರೆದೆ. ಅವ್ವ ನೋಡಿದಳು. ಮುಚ್ಚಿದೆ. ನಮ್ಮ ಬಂಧು ಬಳಗದಲ್ಲಿ ಹತ್ತನೆಯ ಇಯತ್ತೆಯ ಮುಖ ಕಂಡ ಹುಡುಗಿ ಇವಳೇ ಮೊದಲು. ಇವಳನ್ನು ರಾಟಿಗೆ ಕೂಡಿಸುವ ಮಾತು ನನ್ನ ಎದೆಗೆ ಮುಳ್ಳು ಚುಚ್ಚಿದ ಹಾಗಾಯಿತು. ಮಗಳು ಮಾತ್ರ ಅಳಲಿಲ್ಲ, ಎದುರು ಆಡಲಿಲ್ಲ. ಪುಸ್ತಕ ತೆಗೆದುಕೊಂಡು ನನ್ನ ಮಗ್ಗದ ಬಾಜೂಕೆ ಬಂದು ಚಕ್ಕಳಮಕ್ಕಳ ಹಾಕಿ ಕೂತಳು. ಆ ಕೂತ ರೀತಿಯನ್ನೇ ನಾನು ಮೆಚ್ಚಿದೆ. ನಮ್ಮ ಮನೆತನದಲ್ಲಿ ಪುಸ್ತಕದ ಮುಂದೆ ಅಷ್ಟು ಗಟ್ಟಿಯಾಗಿ ಕೂತವರು ಯಾರೂ ಇಲ್ಲ. ನಾನು ಮುಲ್ಕಿ ಪರೀಕ್ಷೆಗೆ ಕೂತಾಗಲೂ ಅರ್ಧ ಎದ್ದೇ ಇದ್ದೆ.

ಮಗ್ಗದ ಪಾಠ

ಮಗಳ ಓದೆಲ್ಲ ಬಾಯಿಪಾಠ, ಅದೂ ಮಗ್ಗದ ತಾಳಕ್ಕೆ. ನಾನು ಲಾಳಿ ಓಡಿಸಿ ಒಮ್ಮೆ ಬಡಿದರೆ ಒಂದು ಪದ, ಮತ್ತೊಮ್ಮೆ ಬಡಿದರೆ ಇನ್ನೊಂದು. "ಲಂಬಕೋನ, ಟಕ್, ತ್ರಿಭುಜದಲ್ಲಿ, ಟಕ್, ವಿಕರ್ಣದ, ಟಕ್, ಮೇಲಿನ ವರ್ಗವು..." ನೂಲು ಹರಿದು ನಾನು ಕೈ ನಿಲ್ಲಿಸಿದರೆ ಅವಳ ಪ್ರಮೇಯವೂ ಅಲ್ಲೇ ನಿಲ್ಲುತ್ತಿತ್ತು. ಎಳೆಗೆ ಗಂಟು ಹಾಕಿ ಶುರು ಮಾಡಿದರೆ ಅದೂ ನಿಂತಲ್ಲಿಂದಲೇ ಶುರು.

ಮೊದಲ ಅನಾಹುತ ನನ್ನದೇ ಆಯಿತು. ದಿನವೂ ಕೇಳಿ ಕೇಳಿ ಇಡೀ ಪ್ರಮೇಯ ನನ್ನ ಬಾಯಿಗೆ ಬಂದಿತ್ತು. ಅದರ ಅರ್ಥ ಮಾತ್ರ ದೇವರಾಣೆಗೂ ಗೊತ್ತಿರಲಿಲ್ಲ. ಒಂದು ದಿನ ಸೀರೆ ಕೊಳ್ಳುವ ಸಾವುಕಾರರು ಬಂದು, "ಏನಪಾ, ಸೀರಿ ಯಾವಾಗ ಕೊಡ್ತಿ?" ಎಂದು ಕೇಳಿದರು. ನಾನು ಕೆಲಸದ ಗುಂಗಿನಲ್ಲಿದ್ದೆ. ತಲೆ ಎತ್ತದೆ, "ಉಳಿದೆರಡು ಬಾಹುಗಳ ಮೇಲಿನ ವರ್ಗಗಳ ಮೊತ್ತಕ್ಕೆ ಸಮ ಆದ ಮ್ಯಾಲ್ರಿ" ಎಂದುಬಿಟ್ಟೆ.

ಸಾವುಕಾರರು ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಇವನ ತಲಿಗೆ ದಿನಾ ಎಣ್ಣಿ ತಿಕ್ಕವಾ" ಎಂದು ಹೇಳಿ ಹೋದರು.

ಎರಡನೆಯದು ಶಾಲೆಯಲ್ಲಿ. ಗಣಿತದ ಮಾಸ್ತರರು ನನ್ನನ್ನು ಕರೆಸಿದರು. ನಾನು ಹೆದರಿ, ಟೋಪಿ ಸರಿಮಾಡಿಕೊಂಡು ಹೋಗಿ ನಿಂತೆ. ಮಾಸ್ತರರು, "ನಿಮ್ಮ ಹುಡಿಗಿ ಶಾಣ್ಯಾ ಅದಾಳ್ರಿ, ಅದರ ಬಗ್ಗೆ ದೂರಿಲ್ಲ. ಆದರ ಉತ್ತರಾ ಹೇಳುಮುಂದ ಬೆಂಚ್ ಬಡೀತಾಳ. ಬಾಜೂಕಿನ ಕ್ಲಾಸಿನವರು ಗಂಟಿ ಹೊಡೀತಂತ ಪಾಟಿಚೀಲ ತಗೊಂಡು ಹೊಂಟ ಬಿಡ್ತಾರ" ಎಂದರು. ಆಮೇಲೆ ಮಗಳ ಕಡೆ ತಿರುಗಿ, "ಬಡೀದನ ಹೇಳು ನೋಡೂಣು" ಎಂದರು.

ಮಗಳು "ಲಂಬಕೋನ" ಎಂದಳು. ನಿಂತಳು. ಇನ್ನೊಮ್ಮೆ "ಲಂಬಕೋನ" ಎಂದಳು. ಮತ್ತೆ ನಿಂತಳು. ನನ್ನ ಕಾಲು ತಡೆಯಲಾರದೆ ನೆಲ ಬಡಿಯಿತು, "ತ್ರಿಭುಜದಲ್ಲಿ" ಎಂದಳು. ಮಾಸ್ತರರಿಗೆ ಮೋಜೆನಿಸಿತೋ ಏನೋ, ತಾವೇ ಕೋಲಿನಿಂದ ಟೇಬಲ್ಲು ಬಡಿಯತೊಡಗಿದರು. ಮಗಳು ಒಂದು ಅಕ್ಷರ ತಪ್ಪದೆ ಆ ಪ್ರಮೇಯ, ಅದರ ಹಿಂದಿನದು, ಮುಂದಿನದು, ಎಲ್ಲ ಒಪ್ಪಿಸಿದಳು. ಮಾಸ್ತರರ ಹಣೆಯ ಮೇಲೆ ಬೆವರು ಬಂತು, ಅವಳು ನಿಲ್ಲಿಸಲಿಲ್ಲ.

"ಭೇಷ್" ಎಂದು ಕೋಲು ಕೆಳಗಿಟ್ಟು ಅವರು ಕೇಳಿದರು, "ಎಲ್ಲಾ ಖರೆ. ಆದರ ಪರೀಕ್ಷಾದಾಗ ನಿನಗ ಮಗ್ಗಾ ಯಾರು ತಂದ ಕೊಡ್ತಾರ?"

ಮಗಳು ಕಿಟಕಿಯ ಕಡೆ ಕೈ ತೋರಿಸಿದಳು. "ತರೂದ್ಯಾಕ್ರಿ ಸರ? ಸಾಲಿ ಸುತ್ತ ಓಣಿ ತುಂಬ ಮಗ್ಗನ ಅದಾವಲ್ರಿ. ಕಿವಿಗೊಟ್ರ ಆತು."

ಮಾಸ್ತರರು ಕಿವಿಗೊಟ್ಟರು. ಟಕ್, ಟಕ್ ಎಂದು ಊರಿಗೆ ಊರೇ ಬಡಿಯುತ್ತಿತ್ತು. ಅವತ್ತಿನಿಂದ ಅವರು ಕಿಟಕಿ ಹಾಕಿಸುವುದನ್ನೇ ಬಿಟ್ಟರು.

ತಪ್ಪು ಯಾರದು?

ಪರೀಕ್ಷೆಗೆ ಕೆಲವೇ ವಾರ ಇತ್ತು. ಮಗಳು ಶಾಲೆಯಿಂದ ಬಂದು, "ಬರೂ ಶನಿವಾರ ನಮ್ಮ ಸೆಂಡಾಫ್ ಐತಿ" ಎಂದಳು. ಅವ್ವ ರಾಟಿ ನಿಲ್ಲಿಸಿ ಸೊಸೆಯನ್ನು ಕೇಳಿದಳು, "ಸೆಂಡಾಪ ಅಂದ್ರೇನ?"

ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ತನಗೆ ತಿಳಿದಷ್ಟು ಹೇಳಿದಳು: "ಸಾಲಿಯಿಂದ ಕಳಸಿಬಿಡೂದಂತರಿ ಅತ್ತಿ."

ಸೊಸೆ ಮುಂದಿನ ರೊಟ್ಟಿ ಹೆಂಚಿಗೆ ಹಾಕುವುದರೊಳಗೆ ಅವ್ವ ಬಾಗಿಲು ದಾಟಿದ್ದಳು. ಕೈಯಲ್ಲಿ ಊರುಗೋಲು. ನಾನು ಕುಣಿಯಿಂದ ಮೇಲೆ ಬಂದು, ಚಪ್ಪಲಿ ಸಿಗದೆ, ಬರಿಗಾಲಲ್ಲಿ ಹಿಂದೆ ಓಡಿದೆ. ನಾನು ಶಾಲೆ ಮುಟ್ಟುವಷ್ಟರಲ್ಲಿ ಅವ್ವ ಹೆಡ್‌ಮಾಸ್ತರರ ಖೋಲಿಯೊಳಗೆ ನಿಂತಾಗಿತ್ತು.

"ನನ್ನ ಮೊಮ್ಮಗಳು ಏನ ತಪ್ಪ ಮಾಡ್ಯಾಳಂತ ಸಾಲಿ ಬಿಡಸಾಕತ್ತೀರಿ? ಪರೀಕ್ಷಾ ಬಾಯಾಗ ಬಂದಾಗ?"

ಹೆಡ್‌ಮಾಸ್ತರರು ಎದ್ದು ನಿಂತರು. "ಅಮ್ಮಾರ, ಆಕಿ ಏನೂ ತಪ್ಪ ಮಾಡಿಲ್ಲರಿ. ಹತ್ತನೆತ್ತೆ ಮುಗಿಸಿದವರಿಗೆ ಎಲ್ಲಾರಿಗೂ ಮಾಡ್ತೇವ್ರಿ."

"ಎಲ್ಲಾರಿಗೂ?"

"ಹೌದ್ರಿ. ಪ್ರತಿ ವರ್ಷ."

ಅವ್ವ ಊರುಗೋಲು ನೆಲಕ್ಕೆ ಕುಟ್ಟಿದಳು. "ವರ್ಷಾ ವರ್ಷಾ ಎಲ್ಲಾ ಹುಡುಗೂರನೂ ಹೊರಗ ಹಾಕ್ತೀರಂದ್ರ, ತಪ್ಪ ಹುಡುಗೂರದಲ್ಲ, ನಿಮ್ಮದ ಇರಬೇಕ!"

ಹೆಡ್‌ಮಾಸ್ತರರು ನನ್ನ ಮುಖ ನೋಡಿದರು. ನಾನು ನನ್ನ ಬರಿಗಾಲು ನೋಡಿಕೊಂಡೆ. ಅವರು ದೊಡ್ಡ ಮನುಷ್ಯರು, ಅವ್ವನನ್ನು ಕುರ್ಚಿಯ ಮೇಲೆ ಕೂಡಿಸಿ, ಚಹಾ ತರಿಸಿ, ಇದು ಹಾರ ತುರಾಯಿ ಹಾಕಿ ಹರಸಿ ಕಳಿಸುವ ಸಮಾರಂಭ ಎಂದು ತಿಳಿಸಿ ಹೇಳಿದರು. ಅವ್ವ ಚಹಾ ಪೂರ್ತಿ ಕುಡಿದು, ಬಶಿ ಕೆಳಗಿಟ್ಟು, "ಹಂಗಿದ್ರ ಮಾಡ್ರಿ" ಎಂದು ಅಪ್ಪಣೆ ಕೊಟ್ಟು ಬಂದಳು. ದಾರಿಯಲ್ಲಿ ನನಗೆ ಹೊಳೆಯಿತು: ಇವಳನ್ನು ರಾಟಿಗೆ ಕೂಡಿಸುತ್ತೇನೆ ಎಂದವಳೇ ಶಾಲೆ ಬಿಡಿಸುತ್ತಾರೆಂದು ಕೋಲು ಹಿಡಿದು ಓಡಿದ್ದಳು. ಬಾಯಿ ಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ.

ಎರಡು ಮಾತು

ಸಮಾರಂಭದಲ್ಲಿ ಪಾಲಕರ ಪರವಾಗಿ ಒಬ್ಬರು ಮಾತಾಡಬೇಕಿತ್ತು. ಬರಿಗಾಲಲ್ಲಿ ಶಾಲೆಯ ತನಕ ಓಡಿಬರುವ ಪಾಲಕ ಇನ್ನೊಬ್ಬ ಸಿಗಲಿಕ್ಕಿಲ್ಲ ಎಂದು ಹೆಡ್‌ಮಾಸ್ತರರು ನನ್ನನ್ನೇ ಆರಿಸಿದರು. ಮಗಳು ಒಂದು ಪುಟ ಭಾಷಣ ಬರೆದು ಕೊಟ್ಟಳು. ನಾನು ವಾರವಿಡೀ ಮಗ್ಗದ ಮೇಲೆ ಬಾಯಿಪಾಠ ಮಾಡಿದೆ. "ವೇದಿಕೆಯ ಮೇಲಿನ, ಟಕ್, ಗಣ್ಯರೇ, ಟಕ್..." ನೀರು ಕುಡಿದಷ್ಟು ಸುಲಭವಾಗಿ ಬರುತ್ತಿತ್ತು.

ನನಗಿಂತ ಮೊದಲು ಮುಖ್ಯ ಅತಿಥಿಗಳು ಮಾತಾಡಿದರು. ಬಹಳ ಮಾತಾಡಿದರು. ಹಿಂದಿನ ಸಾಲಿನಲ್ಲಿ ಒಬ್ಬರು ಮನೆಗೆ ಹೋಗಿ ಊಟ ಮಾಡಿ ಬಂದರೂ ಅವರಿನ್ನೂ 'ಕೊನೆಯದಾಗಿ' ಎನ್ನುತ್ತಲೇ ಇದ್ದರು. ಆಮೇಲೆ ನನ್ನ ಹೆಸರು ಕೂಗಿದರು.

ನಾನು ಮೈಕಿನ ಮುಂದೆ ನಿಂತೆ. ಎದುರಿಗೆ ಮಂದಿ. ಕೈಯಲ್ಲಿ ಲಾಳಿಯಿಲ್ಲ, ಕಾಲ ಕೆಳಗೆ ತುಳಿಯುವ ಹಲಗೆಯಿಲ್ಲ. ಭಾಷಣದ ಒಂದು ಎಳೆಯೂ ನೆನಪಿಗೆ ಬರಲಿಲ್ಲ. ನೆನಪಾದದ್ದು ಬರೀ ಲಂಬಕೋನ ತ್ರಿಭುಜ. ಅದನ್ನು ಹೇಳಬಾರದೆಂಬಷ್ಟು ಬುದ್ಧಿ ಉಳಿದಿತ್ತು. ಹೆಡ್‌ಮಾಸ್ತರರು ಹಿಂದಿನಿಂದ ಪಿಸುಗುಟ್ಟಿದರು: "ಅಂಜಬ್ಯಾಡ್ರಿ. ಎರಡ ಮಾತ ಹೇಳ್ರಿ, ಸಾಕು."

ಮೊದಲ ಸಾಲಿನಲ್ಲಿ ಮಗಳು ಕೂತಿದ್ದಳು. ಮೊದಲ ಸಲ ಸೀರೆ ಉಟ್ಟಿದ್ದಳು. ನನ್ನ ಕಡೆಗೇ ನೋಡುತ್ತಿದ್ದಳು. ಜಾರುವ ಪೋಲಕದ ತೋಳು ಹಿಡಿದುಕೊಂಡು ಒಂದನೆಯ ಇಯತ್ತೆಗೆ ಹೋದ ಹುಡುಗಿ ಇವಳೇನಾ ಎನಿಸಿತು. ಹೆಡ್‌ಮಾಸ್ತರರು ಕೇಳಿದ್ದು ಎರಡು ಮಾತು. ನಾನು ಎಣಿಸಿ ಎರಡೇ ಹೇಳಿದೆ:

"ಛಲೋ ಆತು."

ಹೇಳಿ ಬಂದು ಕೂತೆ. ಆಮೇಲೆ ಎಂಥ ಚಪ್ಪಾಳೆ ಎನ್ನುತ್ತೀರಿ! ಅತಿಥಿಗಳ ಭಾಷಣಕ್ಕೂ ಅಷ್ಟು ಬಿದ್ದಿರಲಿಲ್ಲ. ಹೆಡ್‌ಮಾಸ್ತರರು ನನ್ನ ಕೈ ಕುಲುಕಿ, "ಮುಂದಿನ ವರ್ಷ ಮುಖ್ಯ ಅತಿಥಿ ನೀವ ಆಗ್ರಿ. ಸಮಾರಂಭ ಲಗೂ ಮುಗೀತೈತಿ" ಎಂದರು.

ಯಾರ ಮಗ್ಗದ್ದು?

ನನ್ನ ನಂತರ ಮಗಳು ಎದ್ದಳು. ವಿದ್ಯಾರ್ಥಿಗಳ ಪರವಾಗಿ ಮಾತಾಡುವವಳು ಅವಳೇ. ಎಷ್ಟು ಚೆನ್ನಾಗಿ ಮಾತಾಡಿದಳೆಂದರೆ, ತಂದೆ ಎರಡೇ ಮಾತಿಗೆ ಮುಗಿಸಿದ್ದು ಮಗಳಿಗೆ ಜಾಗ ಬಿಡಲಿಕ್ಕೇ ಇರಬೇಕು ಎಂದು ಜನ ತಿಳಿದರಂತೆ. ಮಾಸ್ತರರಿಗೆಲ್ಲ ವಂದನೆ ಹೇಳಿದಳು. ಕೊನೆಗೆ, "ಓದು ಬಾರದ ನನ್ನ ಅಜ್ಜಿ, ನಮ್ಮ ಆಯಿ, ನನಗೆ ಪ್ರತಿ ದಿನ ಪರೀಕ್ಷೆ ಮಾಡಿದ್ದಾಳೆ. ಸರಕಾರದ ಪರೀಕ್ಷೆಗೆ ನಾನು ಹೆದರುವುದಿಲ್ಲ" ಎಂದಳು. ನನಗೆ ಕಣ್ಣಲ್ಲಿ ನೀರು.

ಪಕ್ಕದಲ್ಲಿ ಕೂತಿದ್ದವರೂ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ಒಬ್ಬರ ಕಿವಿಯಲ್ಲಿ ಒಬ್ಬರು ಮಾತಾಡುತ್ತಿದ್ದರು. ಮಗಳ ಭಾಷಣ ಇವರ ಎದೆಗೂ ಮುಟ್ಟಿತು ಎಂದುಕೊಂಡು ನಾನು ಕಿವಿಗೊಟ್ಟೆ.

"ಸೀರಿ ದಡಿ ನೋಡ್ರಿ. ಯಾರ ಮಗ್ಗದ್ದಿರಬೇಕು?"

ನೇಕಾರರ ಊರಿನಲ್ಲಿ ಹುಡುಗಿಯರು ಸೀರೆ ಉಟ್ಟು ಸಾಲಾಗಿ ನಿಂತರೆ ಇನ್ನೇನಾಗುತ್ತದೆ? ಸಭೆಯ ಅರ್ಧ ಮಂದಿ ಸೀರೆ ಪರೀಕ್ಷೆ ನಡೆಸಿದ್ದರು. ಅದೇನೂ ನನಗೆ ಬೇಸರವಾಗಲಿಲ್ಲ; ಮಗಳು ಉಟ್ಟದ್ದು ನಾನೇ ನೇಯ್ದ ಸೀರೆ. ಒಂದೊಂದು ಎಳೆಯನ್ನೂ ಎಣಿಸಿ ಹಾಕಿದ್ದೆ. ನನ್ನ ಮಗ್ಗದಲ್ಲಿ ಸೆರಗು ಮೊದಲು, ಒಡಲು ಆಮೇಲೆ. ಆ ಸೆರಗಿಗೇ ನಾಲ್ಕು ದಿನ ಹಿಡಿದಿತ್ತು.

ಸಮಾರಂಭ ಮುಗಿದ ಮೇಲೆ ನಮ್ಮ ಓಣಿಯ ಹಿರಿಯ ನೇಕಾರರೊಬ್ಬರು ಮಗಳ ಹತ್ತಿರ ಬಂದರು. ಎಂಬತ್ತು ದಾಟಿದ ಮುತ್ಯಾ, ಕಣ್ಣು ಮಾತ್ರ ಹದ್ದಿನದು. "ಛಲೋ ಮಾತಾಡಿದಿ ಮಗಳ" ಎನ್ನುತ್ತ ಅವಳ ಸೆರಗಿನ ತುದಿ ಕೈಗೆ ತೆಗೆದುಕೊಂಡರು. ಬೆರಳಿನಿಂದ ಸವರಿದರು.

"ಇಲ್ಲಿ ಬಿಳಿ ನಾಕ ಎಳಿ ಬರಬೇಕು. ಐದ ಬಂದಾವು" ಎಂದು ನನ್ನ ಕಡೆ ನೋಡಿದರು.

ಸುತ್ತಲಿನವರೆಲ್ಲ ಬಾಗಿ ನೋಡಿದರು. ಐದೇ ಇದ್ದವು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಮುವ್ವತ್ತು ವರ್ಷದ ಕಸುಬು, ಸ್ವಂತ ಮಗಳ ಸೀರೆ!

ಮಗಳು ನನ್ನನ್ನು ಬಿಟ್ಟುಕೊಡಲಿಲ್ಲ. "ಅದು ಅಪ್ಪನ ತಪ್ಪಲ್ಲ ಮುತ್ಯಾ, ನಂದು. ಅವತ್ತ ನಾ ಪ್ರಮೇಯ ತಪ್ಪ ಹೇಳಿದ್ನಿ. ಅಪ್ಪಗ ಅದು ಬಾಯಿಪಾಠ ಅಲ್ಲೇನು, ಗಾಬರಿ ಆಗಿ ಒಂದ ಎಳಿ ಜಾಸ್ತಿ ಬಡದಾನ."

ಮುತ್ಯಾ ಸೆರಗು ಬಿಟ್ಟು ನನ್ನ ಹೆಗಲ ಮೇಲೆ ಕೈಯಿಟ್ಟರು. "ಹಂಗಿದ್ರ ಇರ್ಲಿ. ಆದರ ತಮ್ಮಾ, ಆಕಿ ಕಾಲೇಜಿಗೆ ಹೋದ ಮ್ಯಾಲ ಮಾರೂ ಸೀರಿ ನೇಯಬ್ಯಾಡ. ಅಲ್ಲೀ ಪಾಠ ಇನ್ನೂ ಕಠಿಣ ಇರ್ತಾವಂತ."

ಗೋಡೆಯಾಚೆಯ ಚೀಟಿ

ಪರೀಕ್ಷೆಯ ನಂಬರು ಬಂತು. ನಾನು ಅದನ್ನು ಮಗ್ಗದ ಎದುರಿನ ಗೋಡೆಯ ಮೇಲೆ ಇದ್ದಲಿಯಿಂದ ದೊಡ್ಡದಾಗಿ ಬರೆದೆ, ಕೂತಲ್ಲಿ ಕಾಣುವ ಹಾಗೆ. ಅವ್ವನಿಗೆ ಬರಹ ಬಾರದಲ್ಲ, ಅವಳು ತನ್ನದೇ ಪದ್ಧತಿಯಲ್ಲಿ ಬರೆದುಕೊಂಡಳು. ದಿನಕ್ಕೆ ಎಷ್ಟು ಕಂಡಿಕೆ ಸುತ್ತಿದೆ ಎಂಬುದನ್ನು ಮೊದಲಿನಿಂದಲೂ ದಾರಕ್ಕೆ ಗಂಟು ಹಾಕಿಯೇ ನೆನಪಿಡುವವಳು. ಮೊಮ್ಮಗಳನ್ನು ಎದುರಿಗೆ ಕೂಡಿಸಿಕೊಂಡು ಒಂದೊಂದೇ ಅಂಕಿ ಹೇಳಿಸಿ, ಒಂದು ಗೇಣು ಬಿಳಿ ದಾರಕ್ಕೆ ಅಷ್ಟಷ್ಟು ಗಂಟು ಹಾಕಿದಳು. ಐದು ಅಂಕಿ, ಐದು ಗೊಂಚಲು ಗಂಟು. ದೇವರ ದಯೆ, ನಂಬರಿನಲ್ಲಿ ಸೊನ್ನೆ ಇರಲಿಲ್ಲ. "ತಲಿ ಯಾವುದು, ಬುಡ ಯಾವುದು ಗೊತ್ತಾಗಬೇಕಲ್ಲ" ಎಂದು ಒಂದು ತುದಿಗೆ ಕೆಂಪು ನೂಲು ಸುತ್ತಿ, "ಇದು ಸೆರಗ" ಎಂದಳು. ದಾರವನ್ನು ಎಲೆ ಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು.

ಪರೀಕ್ಷೆ ನಮ್ಮೂರಲ್ಲೇ. ಆ ದಿನಗಳಲ್ಲಿ ನಾನು ಒಂದು ಗಳಿಗೆಯೂ ಮಗ್ಗ ನಿಲ್ಲಿಸಲಿಲ್ಲ. ಅವಳಿಗೆ ಕೇಳಬೇಕಲ್ಲ! ಓಣಿಯವರಿಗೂ ಹೇಳಿಟ್ಟಿದ್ದೆ. ಯಾರದೋ ಮಗ್ಗ ನಿಂತರೆ ನಾನು ಕೂತಲ್ಲಿಂದಲೇ ಕೂಗುತ್ತಿದ್ದೆ, "ಬಡೀರಪೋ, ಗಣಿತ ನಡದೈತಿ!"

ಹೀಗಾಗಿ ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಬಂದೋಬಸ್ತಿಗೆ ನಿಂತಿದ್ದ ಪೋಲೀಸರೇ ಆಮೇಲೆ ಹೇಳಿದರು. ಅವ್ವ ಶಾಲೆಯ ಗೋಡೆಯ ಪಕ್ಕ ಸುಳಿದಾಡಿ, ಅತ್ತ ಇತ್ತ ನೋಡಿ, ಒಂದು ಕಾಗದದ ಪುಡಿಕೆಯನ್ನು ಕಿಟಕಿಯ ಕಡೆ ಎಸೆದಳಂತೆ. ಅದು ಗೋಡೆಗೆ ಬಡಿದು ಪೋಲೀಸರ ಕಾಲ ಬಳಿಯೇ ಬಿತ್ತು.

"ಏನವಾ ಆಯಿ, ಈ ವಯಸ್ಸಿನಾಗ ಕಾಪಿ ಚೀಟಿ ಒಗೀತಿ?"

"ಚೀಟಿ ಅಲ್ಲಪಾ. ಬಿಚ್ಚಿ ನೋಡು" ಎಂದಳು ಅವ್ವ.

ಬಿಚ್ಚಿದರೆ ಮಠದಿಂದ ತಂದ ಅಂಗಾರದ ಬೂದಿ. ಮೊಮ್ಮಗಳು ಅವಸರದಲ್ಲಿ ಹಣೆಗೆ ಹಚ್ಚಿಕೊಳ್ಳದೆ ಹೋಗಿದ್ದಳಂತೆ. ಪೋಲೀಸರು ಟೊಪ್ಪಿಗೆ ತೆಗೆದು, ತಮ್ಮ ಹಣೆಗೆ ಒಂದಿಷ್ಟು ಹಚ್ಚಿಕೊಂಡು, ದನಿ ಇಳಿಸಿ ಕೇಳಿದರು: "ಆಯಿ, ಇನ್ನೊಂದ ಪುಡಿಕಿ ಐತೇನ? ನಮ್ಮ ಹುಡಿಗೀನೂ ಒಳಗ ಕುಂತೈತಿ."

ನಂಬರಿನ ಸೆರಗು

ಪರೀಕ್ಷೆ ಮುಗಿಸಿ ಮಗಳು ಮುಧೋಳಕ್ಕೆ, ತನ್ನ ಸೋದರಮಾವನ ಮನೆಗೆ ಹೋದಳು. ಹಾಲ್ ಟಿಕೆಟ್ಟೂ ಅವಳ ಜೊತೆಗೇ ಹೋಯಿತು. ಇರಲಿ, ಗೋಡೆಯ ಮೇಲೆ ನಂಬರಿದೆಯಲ್ಲ ಎಂದು ನಾನು ನಿಶ್ಚಿಂತೆಯಿಂದಿದ್ದೆ.

ನಾಳೆ ಪೇಪರಿನಲ್ಲಿ ಪರೀಕ್ಷೆಯ ನಿಕಾಲಿ, ಅಂದರೆ ಫಲಿತಾಂಶ, ಬರುತ್ತದೆ ಎಂದು ಸುದ್ದಿ ಬಂತು. ನಾನು ನೂಲು ತರಲು ಬನಹಟ್ಟಿಗೆ ಹೋಗಿ ಸಂಜೆ ಬಂದರೆ ಮನೆ ಫಳಫಳ ಹೊಳೆಯುತ್ತಿತ್ತು. ಹೆಂಡತಿ ಸೊಂಟಕ್ಕೆ ಸೆರಗು ಸಿಗಿಸಿ ಕುಂಚ ತೊಳೆಯುತ್ತಿದ್ದಳು. "ಪಾಸಾದ್ಲಂದ್ರ ಮಂದಿ ಬರ್ತಾರಲ್ರಿ, ಗೋಡಿ ಹೊಲಸಾಗಿದ್ವು. ಸುಣ್ಣಾ ಹಚ್ಚಿದ್ನಿ" ಎಂದಳು.

ನಾನು ಮಗ್ಗದ ಎದುರಿನ ಗೋಡೆ ನೋಡಿದೆ. ಹಾಲಿನ ಹಾಗೆ ಬೆಳ್ಳಗಿತ್ತು. ಮೂರು ತಿಂಗಳು ಕಣ್ಣ ಮುಂದೆಯೇ ಇದ್ದ ನಂಬರು, ಗೋಡೆ ನೋಡಿಕೊಳ್ಳುತ್ತದೆ ಎಂದು ನಾನು ತಲೆಯಲ್ಲಿ ಇಟ್ಟುಕೊಂಡೇ ಇರಲಿಲ್ಲ. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಅವ್ವ ಮಾತ್ರ ನಗುತ್ತ ಎಲೆ ಚೀಲದಿಂದ ದಾರ ತೆಗೆದಳು. "ಓದಿದವರ ನಂಬರ ಸುಣ್ಣಕ್ಕ ಹೋತು. ಓದು ಬಾರದಾಕೀ ನಂಬರ ಉಳೀತು."

ಮರುದಿನ ನಾನೂ ಅವ್ವನೂ ಕಟಿಂಗ್ ಅಂಗಡಿಗೆ ಹೋದೆವು. ಓಣಿಗೆಲ್ಲ ಪೇಪರು ಬರುತ್ತಿದ್ದುದು ಅಲ್ಲಿಗೇ. ಮಂದಿ ಕಿಕ್ಕಿರಿದಿದ್ದರು, ಅರ್ಧ ಗಡ್ಡ ಬೋಳಿಸಿಕೊಂಡವರೊಬ್ಬರು ಕುರ್ಚಿಯಲ್ಲಿ ಹಾಗೇ ಕಾಯುತ್ತಿದ್ದರು. ಅಂಗಡಿಯವರು ಬೆಂಚಿನ ಮೇಲೆ ನಿಂತು ಒಬ್ಬೊಬ್ಬರ ನಂಬರು ಕೇಳಿ ಹುಡುಕುತ್ತಿದ್ದರು. ಆ ಗದ್ದಲದಲ್ಲಿ ನುಗ್ಗಲಾರದೆ ಅವ್ವ ಹೊರಗೇ ನಿಂತು, ದಾರ ನನ್ನ ಕೈಗೆ ಕೊಟ್ಟಳು. ಕೆಂಪು ತುದಿ ಹಿಡಿದು, ಬೆರಳಿನಿಂದ ಎಣಿಸಿ ಹೇಳಿದೆ: "ಮೂರು. ಆರು. ಎರಡು. ಒಂದು. ನಾಕು."

ಅಂಗಡಿಯವರು ಪೇಪರಿನಲ್ಲಿ ಬೆರಳಾಡಿಸಿದರು. "ನಮ್ಮ ಹುಡುಗೂರ ನಂಬರೆಲ್ಲ ನಲವತ್ತೊಂದು ಸಾವಿರದಾಗ ಅದಾವು. ನಿನ್ನ ಮಗಳದಷ್ಟ ಮುವ್ವತ್ತಾರರಾಗ ಹೆಂಗೋ?"

"ಹೆಣ್ಣ ಹುಡುಗೂರಿಗೆ ಬ್ಯಾರೆ ಇರಬೇಕ್ರಿ" ಎಂದೆ ನಾನು, ಎಲ್ಲ ತಿಳಿದವನ ಹಾಗೆ.

ಅವರು ಎರಡೆರಡು ಸಲ ನೋಡಿದರು. ಮೂರನೆಯ ಸಲ ಕನ್ನಡಕ ಒರೆಸಿಕೊಂಡು ನೋಡಿದರು. ಆಮೇಲೆ ಪೇಪರು ಮಡಚಿ, ಮೆಲ್ಲಗೆ, "ಇಲ್ಲಪಾ" ಎಂದರು.

ಮನೆಗೆ ಹೇಗೆ ಬಂದೆವೋ ಗೊತ್ತಿಲ್ಲ. ಹೆಂಡತಿ ಹೊಸ ಸುಣ್ಣದ ಗೋಡೆಗೆ ತಲೆಯಾನಿಸಿ ಅತ್ತಳು. ನಾನು ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಸುಮ್ಮನೆ ಕೂತೆ. ಒಂದು ವರ್ಷ ಆ ಹುಡುಗಿ ತಾಳಕ್ಕೆ ಒಪ್ಪಿಸಿದ ಪಾಠವೆಲ್ಲ ಕಿವಿಯಲ್ಲಿ ಕೇಳುತ್ತಿತ್ತು. ಇನ್ನು ಅವ್ವನ ತೀರ್ಪಿನ ಪ್ರಕಾರ ರಾಟಿ ಅವಳದು. ಅವಳು ಬಂದು ಆ ರಾಟಿಯ ಮುಂದೆ ಕೂಡುವುದನ್ನು ನಾನು ಹೇಗೆ ನೋಡಲಿ?

ಕೊನೆಗೆ ಅವ್ವ ಎದ್ದು ಬಂದು, ನನ್ನ ಮಗ್ಗದ ಮೇಲಿದ್ದ ಲಾಳಿಯ ಮೇಲೆ ಕೈಯಿಟ್ಟಳು. ನಮ್ಮಲ್ಲಿ ಲಾಳಿ ಮುಟ್ಟಿ ಆಡಿದ ಮಾತಿಗೆ ತಪ್ಪುವ ಹಾಗಿಲ್ಲ.

"ಕೇಳ್ರಿ ಇಬ್ಬರೂ. ಆಕೀನ್ನ ರಾಟಿಗೆ ಕೂಡಸಾಂಗಿಲ್ಲ. ಮತ್ತ ಪರೀಕ್ಷಾಕ್ಕ ಕೂಡ್ಲಿ. ಎಷ್ಟ ಸಲಾ ಆ‌ದ್ರೂ ಕೂಡ್ಲಿ. ಆಕಿ ಜಮಖಂಡಿಗೆ ಹೋಗಾಕಿನ. ಕಂಡಿಕಿ ನಾ ಸುತ್ತತೇನಿ. ಕಣ್ಣ ಹೋದ್ರ ಕೈ ಅದಾವಲ್ಲ."

ನಾನು ಮೂಗು ಒರೆಸಿಕೊಂಡೆ. ಎಂದೂ ಅಳದ ಅವ್ವನ ಕಣ್ಣುಗಳೂ ಒದ್ದೆಯಾಗಿದ್ದವು.

ಇಳಿಹೊತ್ತಿಗೆ ಮುಧೋಳದ ಬಸ್ಸಿಗೆ ಮಗಳು ಬಂದಳು. ಹಿಂದೆ ಅವಳ ಮಾವ, ಕೈಯಲ್ಲಿ ಪೇಢೆಯ ಡಬ್ಬಿ. ಮಗಳು ಒಳಗೆ ಕಾಲಿಟ್ಟು, "ಅಪ್ಪಾ, ಫಸ್ಟ್ ಕ್ಲಾಸ್!" ಎಂದಳು.

ನಾನು ಅವಳ ತಲೆ ಸವರಿದೆ. "ಇರ್ಲಿ ಬಿಡವಾ. ಸುಳ್ಳ ಯಾಕ ಹೇಳ್ತಿ? ನಾನ ನೋಡಿ ಬಂದೇನಿ."

"ಏನ ನೋಡಿ ಬಂದಿ?"

"ನಂಬರ ಇಲ್ಲ."

ಮಗಳು ಮಾವನ ಮುಖ ನೋಡಿದಳು. ಮಾವ ಪೇಢೆಯ ಡಬ್ಬಿ ನೋಡಿದ. ಅವಳು ಹಾಲ್ ಟಿಕೆಟ್ಟು ತೆಗೆದು ಪೇಪರಿನ ತುಣುಕಿನ ಪಕ್ಕ ಹಿಡಿದಳು. ನಾಲ್ಕು, ಒಂದು, ಎರಡು, ಆರು, ಮೂರು. ಪ್ರಥಮ ದರ್ಜೆಯ ಸಾಲಿನಲ್ಲಿ ಕಣ್ಣಿಗೆ ಹೊಡೆಯುವ ಹಾಗಿತ್ತು. ನಾನು ಕಿಸೆಯಿಂದ ದಾರ ತೆಗೆದು ಇನ್ನೊಮ್ಮೆ ಎಣಿಸಿದೆ. ಮೂರು, ಆರು, ಎರಡು, ಒಂದು, ನಾಲ್ಕು. ಮಗಳು ನನ್ನ ಬೆರಳನ್ನೇ ನೋಡುತ್ತಿದ್ದವಳು ಕಿಸಕ್ಕನೆ ನಕ್ಕಳು.

"ಅಪ್ಪಾ, ಕೆಂಪ ಕಡೆಯಿಂದ ಯಾಕ ಓದಾಕತ್ತಿ?"

"ಅದು ಸೆರಗಲ್ಲೇನ? ಸೆರಗ ಮೊದಲು!" ಎಂದೆ ನಾನು. ಮುವ್ವತ್ತು ವರ್ಷ ಸೀರೆ ನೇಯ್ದವನು, ನನಗೆ ಬೇರೆ ಏನು ಗೊತ್ತು?

ಅವ್ವ ಹಣೆ ಹಣೆ ಬಡಿದುಕೊಂಡಳು. "ಅಯ್ಯ ನನ್ನ ಶಾಣ್ಯಾ ಮಗನ! ಉಡುಮುಂದ ಸೆರಗ ಬರೂದು ಕಡೀಕಲ್ಲೋ! ಜನ್ಮದಾಗ ಒಂದ ದಿನಾರ ಸೀರಿ ಉಟ್ಟಿದ್ರ ತಿಳೀತಿತ್ತ ನಿನಗ!"

ಮಾವ ನಗುವ ಭರದಲ್ಲಿ ಪೇಢೆಯ ಡಬ್ಬಿ ಕೈಬಿಟ್ಟ. ಸುದ್ದಿ ಓಣಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಒಂದೊಂದೇ ಮಗ್ಗ ನಿಂತು, ನಗು ಮನೆಯಿಂದ ಮನೆಗೆ ದಾಟುವುದು ನಮಗೆ ಕೂತಲ್ಲೇ ಕೇಳಿಸಿತು. ಕಟಿಂಗ್ ಅಂಗಡಿಯವರು ಇನ್ನಾರನ್ನೋ ಅರ್ಧ ಗಡ್ಡದಲ್ಲೇ ಬಿಟ್ಟು ಓಡಿಬಂದರು. ಹೆಂಡತಿ ಹೇಳಿದ ಹಾಗೆ ಮಂದಿ ಬಂದರು, ಹೊಸ ಸುಣ್ಣವೂ ಕಂಡಿತು. ಆದರೆ ಅವರು ನೋಡಲು ಬಂದದ್ದು ಫಸ್ಟ್ ಕ್ಲಾಸಿನ ಹುಡುಗಿಯನ್ನೋ, ಸೆರಗು ತಿಳಿಯದ ನೇಕಾರನನ್ನೋ ಹೇಳುವುದು ಕಷ್ಟ.

ಮಗಳು ಅವ್ವನ ಕಾಲು ಮುಟ್ಟಿ, "ಆಯಿ, ಪಾಸಾಗೇನಿ. ಇನ್ನ ಜಮಖಂಡಿಗೆ ಕಳಸ್ತಿಯಲ್ಲ?" ಎಂದಳು.

ಅವ್ವ ಬಿಗಿದುಕೊಂಡಳು. "ಪಾಸಾಗಿಯಂತ ಕಳಸಾಕತ್ತಿಲ್ಲ. ನೀ ನಪಾಸಾದಾಗನ ಕಳಸ್ತೇನಂತ ಲಾಳಿ ಮುಟ್ಟೇನಿ. ಈ ಪೇಪರ್ ಗೀಪರ್ ನನಗ ಹೇಳಬ್ಯಾಡ."

ಮುಂದಿನ ವಾರ ಮಗಳು ಕಾಲೇಜಿನ ಅರ್ಜಿ ತುಂಬಿದಳು. ಯಾವ ಯಾವ ಕಾಗದ ಜೊತೆಗೆ ಹಚ್ಚಬೇಕೆಂದು ಓದಿ ಹೇಳುತ್ತಿದ್ದಳು. ಅವ್ವ ರಾಟಿ ನಿಲ್ಲಿಸಿ, ಎಲೆ ಚೀಲದಿಂದ ಆ ಗಂಟಿನ ದಾರ ತೆಗೆದು ಅವಳ ಕೈಯಲ್ಲಿಟ್ಟಳು.

"ಇದನೂ ಹಚ್ಚು, ನಂಬರ ಖಾತ್ರಿ ಆಗ್ತೈತಿ. ಆದರ ಓದಾಕ ನಿಮ್ಮಪ್ಪನ ಕೈಯಾಗ ಕೊಡಬ್ಯಾಡ. ಹೊಳ್ಳಿಸಿ ಓದಿ ನಿನ್ನ ಮತ್ತ ಒಂದನೆತ್ತೆಗೆ ಕೂಡಿಸ್ಯಾನು!"